ಒಂದೇ ಅಂಕ, ಬೇರೆ ಬೇರೆ ಬದುಕು

ಎರಡು ದೇಶಗಳ ವಿಶ್ವವಿದ್ಯಾಲಯ ವಿದ್ಯಾರ್ಥಿಗಳಿಗೆ ಒಂದೇ ಪ್ರಶ್ನಾವಳಿ ಕೊಟ್ಟು, ಸರಾಸರಿ ಅಂಕ ಹೋಲಿಸಿ, ಇಂಥವರಲ್ಲಿ ವೈರಭಾವ ಹೆಚ್ಚು, ಅಂಥವರಲ್ಲಿ ಆತಂಕ ಹೆಚ್ಚು ಎಂದು ತೀರ್ಪು ಕೊಡುವ ವರದಿಗಳು ಬರುತ್ತಲೇ ಇರುತ್ತವೆ. ಅವುಗಳಲ್ಲಿ ನಾನು ಮೊದಲು ಹುಡುಕುವುದು ಒಂದನ್ನೇ: ಎರಡೂ ಕಡೆ ಆ ಪ್ರಶ್ನಾವಳಿ ಒಂದೇ ರೀತಿ ಅಳೆದಿದೆಯೇ ಎಂದು ಯಾರಾದರೂ ಪರೀಕ್ಷಿಸಿದ್ದಾರೆಯೇ?

ಇಂಥ ಅಧ್ಯಯನಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 2012ರಲ್ಲಿ ಪ್ರಕಟವಾದ ಪಿಐಡಿ-5, ಅಂದರೆ ವ್ಯಕ್ತಿತ್ವದಲ್ಲಿ ತೊಡಕು ತರುವ ಲಕ್ಷಣಗಳನ್ನು ಅಳೆಯುವ ಪ್ರಶ್ನಾವಳಿ. ಅದರಲ್ಲಿ 220 ಹೇಳಿಕೆಗಳು, ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ; ಹೇಳಿಕೆ ತನಗೆ ಹೆಚ್ಚು ಹೊಂದಿದಷ್ಟೂ ಅಂಕ ಹೆಚ್ಚು. ಅವು 25 ಲಕ್ಷಣಗಳಾಗಿ, ಮುಂದೆ ಐದು ದೊಡ್ಡ ಗುಂಪುಗಳಾಗಿ ಕೂಡುತ್ತವೆ. ಈ ಐದರ ವಿಂಗಡಣೆ ಹಲವು ಭಾಷೆಗಳಲ್ಲಿ ಹೆಚ್ಚುಕಡಿಮೆ ಹಾಗೆಯೇ ಕಂಡುಬಂದಿದೆ. ತೊಡಕು ಶುರುವಾಗುವುದು ಅಂಕಗಳನ್ನು ಅಕ್ಕಪಕ್ಕ ಇಟ್ಟಾಗ.

ಆಪ್ತತೆಯಿಂದ ದೂರ ಸರಿಯುವ ಲಕ್ಷಣವನ್ನೇ ನೋಡಿ. ಅದರ ಹೇಳಿಕೆಗಳು ಬಹುತೇಕ ಪ್ರೇಮ ಮತ್ತು ಲೈಂಗಿಕ ಆಸಕ್ತಿಯ ಸುತ್ತ ಇವೆ. ಓದು ಮುಗಿಯುವ ತನಕ ಪ್ರೇಮದ ಮಾತೇ ಕೂಡದು ಎನ್ನುವ ಮನೆಯಲ್ಲಿ ಬೆಳೆದ ಹತ್ತೊಂಬತ್ತರ ಹುಡುಗಿ ಅಲ್ಲಿ ನಿಸ್ಸಂಕೋಚವಾಗಿ 3 ಹಾಕಬಹುದು. ಆಕೆಗೆ ಜೀವದ ಗೆಳತಿಯರಿದ್ದಾರೆ, ಅಕ್ಕನ ಬಳಿ ಎಲ್ಲವನ್ನೂ ಹೇಳಿಕೊಳ್ಳುತ್ತಾಳೆ. ಇನ್ನೊಂದು ಸಮಾಜದಲ್ಲಿ ಅದೇ 3 ಹಾಕಿದ ಹುಡುಗ ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಾಗದೆ ಒಳಗೊಳಗೇ ನರಳುತ್ತಿರಬಹುದು. ಕಂಪ್ಯೂಟರಿಗೆ ಇಬ್ಬರೂ ಒಂದೇ.

ಇದನ್ನು ಹಿಡಿಯಲು ಅಳತೆಯ ಸಮಾನತೆಯ ಪರೀಕ್ಷೆಯಿದೆ. ಲಕ್ಷಣಗಳ ರಚನೆ ಎರಡೂ ಕಡೆ ಒಂದೇ ಇದೆಯೇ, ಪ್ರತಿ ಹೇಳಿಕೆಗೂ ಅದರ ಲಕ್ಷಣಕ್ಕೂ ಇರುವ ನಂಟು ಅಷ್ಟೇ ಗಟ್ಟಿಯೇ ಎಂದು ಮೊದಲು ನೋಡುತ್ತಾರೆ. ಕಠಿಣವಾದದ್ದು ಮೂರನೆಯ ಹಂತ. ಲಕ್ಷಣ ನಿಜಕ್ಕೂ ಒಂದೇ ಮಟ್ಟದಲ್ಲಿರುವ ಎರಡು ಗುಂಪುಗಳವರು ಆ ಹೇಳಿಕೆಗೆ ಸರಾಸರಿಯಲ್ಲಿ ಒಂದೇ ಅಂಕ ಕೊಡುತ್ತಾರೆಯೇ? ಇಲ್ಲವೆಂದಾದರೆ, ಬೇರೆಯಾಗಿ ವರ್ತಿಸಿದ ಹೇಳಿಕೆಗಳನ್ನು ಲೆಕ್ಕಕ್ಕೆ ತಂದುಕೊಳ್ಳದೆ ಸರಾಸರಿಗಳನ್ನು ಹೋಲಿಸುವಂತಿಲ್ಲ. ಇದನ್ನು ಬಿಟ್ಟು ಮುಂದೆ ಹೋಗುವುದು ಆ ವಿದ್ಯಾರ್ಥಿಗಳಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಉತ್ತರಿಸುವ ರೂಢಿಯೂ ಅಂಕವನ್ನು ಎಳೆದಾಡುತ್ತದೆ. ಕೆಲವೆಡೆ ಜನ ತುದಿಯ ಅಂಕಗಳನ್ನು ಸಲೀಸಾಗಿ ಆರಿಸುತ್ತಾರೆ, ಕೆಲವೆಡೆ ನಡುವೆಯೇ ನಿಲ್ಲುತ್ತಾರೆ. ತಾನು ಸಿಡುಕನೋ ಅಲ್ಲವೋ ಎಂದು ಪ್ರತಿಯೊಬ್ಬರೂ ಅಳೆದುಕೊಳ್ಳುವುದು ಸುತ್ತಲಿನ ಸಹಪಾಠಿಗಳನ್ನು ನೋಡಿ, ಇನ್ನೊಂದು ದೇಶದವರನ್ನು ನೋಡಿ ಅಲ್ಲ.

ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ ಡಿಎಸ್‌ಎಂ-5ರಲ್ಲಿ ವ್ಯಕ್ತಿತ್ವದ ಕಾಯಿಲೆಗಳಿಗಾಗಿ ಇರುವ ಪರ್ಯಾಯ ಮಾದರಿಯಲ್ಲೂ ಬರಿಯ ಲಕ್ಷಣದ ಅಂಕದಿಂದ ರೋಗನಿರ್ಣಯವಿಲ್ಲ. ತನ್ನ ಬಗೆಗಿನ ಅರಿವು ಮತ್ತು ಇತರರೊಂದಿಗಿನ ಸಂಬಂಧ ಎಷ್ಟು ಕುಂದಿದೆ ಎಂಬುದನ್ನೂ ನೋಡಲೇಬೇಕು. ಹಾಗಾಗಿ ಹೆಚ್ಚಿನ ಅಂಕದ ಹಾಳೆ ಹಿಡಿದು ವಿದ್ಯಾರ್ಥಿಯೊಬ್ಬರು ಎದುರು ಕುಳಿತಾಗ ನಾನು ಕೇಳುವುದು ಇಷ್ಟು: ನಿದ್ದೆ ಬರುತ್ತಿದೆಯಾ, ಸ್ನೇಹ ಉಳಿಯುತ್ತಿದೆಯಾ, ತರಗತಿಗೆ ಹೋಗಲು ಆಗುತ್ತಿದೆಯಾ, ಮತ್ತು ಈ ಸ್ವಭಾವ ನಿಮಗೇ ತೊಂದರೆ ಅನ್ನಿಸಿದೆಯಾ, ಇಲ್ಲಾ ಬೇರೆಯವರು ಹಾಗೆ ಹೇಳಿದರಾ?