ಅಮೆರಿಕದ ಲೆಫ್ಟಿನೆಂಟ್ ಗವರ್ನರ್: ಹುದ್ದೆ ಎಲ್ಲಿಂದ ಬಂತು, ಬಲ ಎಲ್ಲಿದೆ?

2002ರ ಜನವರಿ 8ರಂದು ಜಾನ್ ಫಾರ್ಮರ್ ನ್ಯೂಜೆರ್ಸಿಯ ಹಂಗಾಮಿ ಗವರ್ನರ್ ಆಗಿದ್ದುದು ಸುಮಾರು ಒಂದೂವರೆ ಗಂಟೆ. ಗವರ್ನರ್ ಕ್ರಿಸ್ಟೀನ್ ವಿಟ್‌ಮನ್ ಹಿಂದಿನ ವರ್ಷವೇ ಕೇಂದ್ರದ ಹುದ್ದೆಗೆ ಹೋಗಿದ್ದರು. ಗವರ್ನರ್ ಸ್ಥಾನ ತೆರವಾದರೆ ಆಡಳಿತ ವಹಿಸಿಕೊಳ್ಳುವ ಲೆಫ್ಟಿನೆಂಟ್ ಗವರ್ನರ್ ಹುದ್ದೆಯೇ ಆ ರಾಜ್ಯದಲ್ಲಿ ಆಗ ಇರಲಿಲ್ಲ. ರಾಜ್ಯ ಸೆನೆಟ್‌ನ, ಅಂದರೆ ಶಾಸಕಾಂಗದ ಮೇಲ್ಮನೆಯ, ಅಧ್ಯಕ್ಷರೇ ಗವರ್ನರ್ ಕೆಲಸವನ್ನೂ ನೋಡಿಕೊಳ್ಳುತ್ತಿದ್ದರು. ಹಳೆಯ ಸೆನೆಟ್ ಮುಗಿದು ಹೊಸದು ಕೂಡುವ ನಡುವಿನ ಹೊತ್ತು ಅಟಾರ್ನಿ ಜನರಲ್ ಫಾರ್ಮರ್ ಪಾಲಿಗೆ ಬಂತು. ಹೊಸ ಸೆನೆಟ್‌ನಲ್ಲಿ ಪಕ್ಷಗಳ ಬಲ 20-20. ಹಾಗಾಗಿ ಇಬ್ಬರು ಅಧ್ಯಕ್ಷರು, ಒಬ್ಬರಾದ ಮೇಲೆ ಒಬ್ಬರು ಹಂಗಾಮಿ ಗವರ್ನರ್! 15ರಂದು ಚುನಾಯಿತ ಗವರ್ನರ್ ಮೆಕ್‌ಗ್ರೀವಿ ಪ್ರಮಾಣವಚನ ಸ್ವೀಕರಿಸಿದರು. 2004ರಲ್ಲಿ ಅವರೂ ರಾಜೀನಾಮೆ ಕೊಟ್ಟಾಗ ಜನರಿಗೆ ಸಾಕಾಗಿತ್ತು. 2005ರ ಮತದಾನದಲ್ಲಿ ಲೆಫ್ಟಿನೆಂಟ್ ಗವರ್ನರ್ ಹುದ್ದೆಗೆ ಒಪ್ಪಿಗೆ ಸಿಕ್ಕಿತು. ಮೊದಲ ಚುನಾವಣೆ 2009ರಲ್ಲಿ ನಡೆಯಿತು.

ಕನ್ನಡದಲ್ಲಿ ಇದನ್ನು 'ಉಪರಾಜ್ಯಪಾಲ' ಎಂದು ಬರೆದರೆ ದೆಹಲಿ, ಪುದುಚೇರಿ ಕಣ್ಣಮುಂದೆ ಬರುತ್ತವೆ. ಅದು ದಾರಿ ತಪ್ಪಿಸುವ ಅನುವಾದ. ನಮ್ಮ ಲೆಫ್ಟಿನೆಂಟ್ ಗವರ್ನರ್‌ಗಳನ್ನು ನೇಮಿಸುವುದು ರಾಷ್ಟ್ರಪತಿ. ಅಲ್ಲಿನವರನ್ನು ಬಹುತೇಕ ರಾಜ್ಯಗಳಲ್ಲಿ ಜನರೇ ಆರಿಸುತ್ತಾರೆ. ಅಲ್ಲಿನ ಗವರ್ನರ್ ಕೂಡ ಕೆಲಸದಲ್ಲಿ ನಮ್ಮ ಮುಖ್ಯಮಂತ್ರಿಗೆ ಹತ್ತಿರ, ರಾಜ್ಯಪಾಲರಿಗಲ್ಲ.

ಹುದ್ದೆಯ ಬೇರು ಬ್ರಿಟಿಷ್ ವಸಾಹತುಗಳಲ್ಲಿದೆ. ಗವರ್ನರ್ ಸತ್ತರೆ, ಊರಲ್ಲಿಲ್ಲದಿದ್ದರೆ ಆಡಳಿತ ನಿಲ್ಲಬಾರದೆಂದು ಇಟ್ಟುಕೊಂಡ ಎರಡನೆಯ ಆಳು. 1777ರ ನ್ಯೂಯಾರ್ಕ್ ಸಂವಿಧಾನ ಅದಕ್ಕೆ ಇನ್ನೊಂದು ಕೆಲಸ ಸೇರಿಸಿತು: ಸೆನೆಟ್‌ನ ಅಧ್ಯಕ್ಷತೆ, ಮತಗಳು ಸಮವಾದಾಗ ನಿರ್ಣಾಯಕ ಮತ. ಹತ್ತು ವರ್ಷಗಳ ನಂತರ ದೇಶದ ಉಪಾಧ್ಯಕ್ಷ ಹುದ್ದೆ ರೂಪುಗೊಂಡಿದ್ದೂ ಹೆಚ್ಚುಕಡಿಮೆ ಇದೇ ಅಚ್ಚಿನಲ್ಲಿ.

ಈ ಕುರ್ಚಿ ಎಷ್ಟು ಭಾರವಾಗಬಲ್ಲದು ಎಂಬುದಕ್ಕೆ ಟೆಕ್ಸಸ್ ನೋಡಬೇಕು. ಸಂಬಳ ತಿಂಗಳಿಗೆ 600 ಡಾಲರ್, ಸೆನೆಟರ್‌ಗಳಷ್ಟೇ. ಸಂವಿಧಾನ ಸೆನೆಟ್ ಒಳಗೆ ಕೊಟ್ಟಿರುವುದೂ ಅಧ್ಯಕ್ಷತೆ, ನಿರ್ಣಾಯಕ ಮತದಂಥ ಕೆಲವೇ ಅಧಿಕಾರ. ಉಳಿದದ್ದೆಲ್ಲ ಸೆನೆಟ್ ನಿಯಮಗಳ ಕೊಡುಗೆ: ಸಮಿತಿಗಳ ಸದಸ್ಯರು ಯಾರು, ಯಾವ ಮಸೂದೆ ಯಾವ ಸಮಿತಿಗೆ, ಯಾರಿಗೆ ಮಾತಿನ ಅವಕಾಶ. ಎರಡು ವರ್ಷಕ್ಕೊಮ್ಮೆ 140 ದಿನ ಮಾತ್ರ ಸೇರುವ ಸದನದಲ್ಲಿ ಮಸೂದೆಯನ್ನು ಕೊಲ್ಲಲು ವಿರೋಧಿಸಬೇಕಿಲ್ಲ, ತಡಮಾಡಿದರೆ ಸಾಕು.

ಅಲ್ಲೊಂದು ಹಳೆಯ ತಂತ್ರವಿದೆ. ಮಸೂದೆಗಳ ಪಟ್ಟಿಯ ಮೊದಲಲ್ಲೇ ಯಾರೂ ಅಂಗೀಕರಿಸುವ ಉದ್ದೇಶವಿಲ್ಲದ ಒಂದು ಮಸೂದೆಯನ್ನು ಅಡ್ಡಗಲ್ಲಿನಂತೆ ಕೂರಿಸುತ್ತಾರೆ. ಅದನ್ನು ದಾಟಿ ಬೇರೆ ಮಸೂದೆ ಎತ್ತಿಕೊಳ್ಳಲು 31 ಸೆನೆಟರ್‌ಗಳಲ್ಲಿ ಮೂರನೇ ಎರಡರಷ್ಟು, ಅಂದರೆ ಎಲ್ಲರೂ ಹಾಜರಿದ್ದರೆ 21 ಮತ ಬೇಕಿತ್ತು. ರಿಪಬ್ಲಿಕನ್ ಪಕ್ಷದ ಲೆಫ್ಟಿನೆಂಟ್ ಗವರ್ನರ್ ಡ್ಯಾನ್ ಪ್ಯಾಟ್ರಿಕ್ ಬಂದ 2015ರಲ್ಲಿ ಅದು 19ಕ್ಕಿಳಿಯಿತು; ಆಗ ರಿಪಬ್ಲಿಕನ್ನರು 20 ಮಂದಿ. 2021ರಲ್ಲಿ ಅವರು 18 ಆದರು, ಮಿತಿಯೂ 18 ಆಯಿತು. ಲೆಕ್ಕ ಯಾರಿಗಾಗಿ ಎಂದು ಬಿಡಿಸಿ ಹೇಳಬೇಕಿಲ್ಲ.

ಗವರ್ನರ್, ಲೆಫ್ಟಿನೆಂಟ್ ಗವರ್ನರ್ ಇಬ್ಬರನ್ನೂ ಬೇರೆ ಬೇರೆ ಮತದಲ್ಲಿ ಆರಿಸುವ ಕಡೆ ತಕರಾರು ಇನ್ನೊಂದು ಬಗೆಯದು. ಇಡಾಹೊದಲ್ಲಿ ಗವರ್ನರ್ ರಾಜ್ಯದ ಗಡಿ ದಾಟಿದರೆ ಅಧಿಕಾರ ಎರಡನೆಯವರ ಕೈಗೆ. 2021ರ ಮೇ ತಿಂಗಳಲ್ಲಿ ಗವರ್ನರ್ ಬ್ರ್ಯಾಡ್ ಲಿಟಲ್ ಸಮಾವೇಶಕ್ಕೆಂದು ಹೊರಹೋದಾಗ ಲೆಫ್ಟಿನೆಂಟ್ ಗವರ್ನರ್ ಜಾನಿಸ್ ಮೆಕ್‌ಗೀಚಿನ್ ಮಾಸ್ಕ್ ಕಡ್ಡಾಯ ಮಾಡುವುದನ್ನೇ ನಿಷೇಧಿಸುವ ಆದೇಶ ಹೊರಡಿಸಿದರು. ಲಿಟಲ್ ಬಂದು ಅದನ್ನು ರದ್ದುಮಾಡಿದರು. ಇಬ್ಬರೂ ಒಂದೇ ಪಕ್ಷ!

ಅರಿಝೋನಾದಲ್ಲಿ ಗವರ್ನರ್ ಸ್ಥಾನ ತೆರವಾದರೆ ಜನರಿಂದ ಚುನಾಯಿತರಾದ ರಾಜ್ಯ ಕಾರ್ಯದರ್ಶಿ ಆ ಜಾಗಕ್ಕೆ ಬರುವ ಪದ್ಧತಿ. 2009ರಲ್ಲಿ ಡೆಮಾಕ್ರಟಿಕ್ ಗವರ್ನರ್ ಜಾನೆಟ್ ನೆಪೊಲಿಟಾನೊ ಒಬಾಮ ಸಂಪುಟ ಸೇರಿದರು. ಕುರ್ಚಿ ರಾಜ್ಯ ಕಾರ್ಯದರ್ಶಿಯಾಗಿದ್ದ ರಿಪಬ್ಲಿಕನ್ ಜಾನ್ ಬ್ರೂಯರ್ ಪಾಲಾಯಿತು. 2022ರಲ್ಲಿ ಮತದಾರರು ಲೆಫ್ಟಿನೆಂಟ್ ಗವರ್ನರ್ ಹುದ್ದೆಯನ್ನು ಒಪ್ಪಿದರು. 2026ರ ಚುನಾವಣೆಯಿಂದ ಗವರ್ನರ್ ಅಭ್ಯರ್ಥಿಯೇ ಜೊತೆಗಾರರನ್ನು ಹೆಸರಿಸಬೇಕು, ಮತ ಇಬ್ಬರಿಗೂ ಸೇರಿ ಒಂದೇ. ಸೆನೆಟ್‌ನ ಅಧ್ಯಕ್ಷತೆಯನ್ನು ಮಾತ್ರ ಈ ಹುದ್ದೆಗೆ ಕೊಟ್ಟಿಲ್ಲ.