ಇಷ್ಟು ಕ್ರೂರವಾಗಿ ಬರೆಯುವವನು ಎಂಥವನಿರಬೇಕು?

ಪ್ರಶ್ನೆ: ಜೋ ಅಬರ್‌ಕ್ರಾಂಬಿಯ ಫ್ಯಾಂಟಸಿ ಕಾದಂಬರಿ ಓದಿದೆ ಮೇಡಂ. ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಇಂಥದ್ದೆಲ್ಲ ಬರೆಯಬೇಕಾದರೆ ಆ ಮನುಷ್ಯ ಜೀವನದಲ್ಲಿ ಏನೋ ಭಯಂಕರವಾದದ್ದು ಅನುಭವಿಸಿರಬೇಕು. ಇಲ್ಲವೇ ಅವನೇ ಅಂಥವನಿರಬೇಕು. ಅಲ್ವಾ?

ಉತ್ತರ: ಅಲ್ಲ.

ಇಷ್ಟಕ್ಕೇ ಮುಗಿಸಬೇಕು ಅಂತ ಪ್ರತಿ ಸಲ ಅಂದುಕೊಳ್ಳುತ್ತೇನೆ. ಆಗುವುದಿಲ್ಲ. ಬೀದರ್‌ನಲ್ಲಿ ಈ ಪುಸ್ತಕ ಓದಿದವರೆಲ್ಲ ಸುತ್ತಿ ಬಳಸಿ ಇದೇ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಓದಿದವರೆಲ್ಲ ಅಂದರೆ ನನ್ನ ಪ್ರತಿ ಕೈಯಿಂದ ಕೈಗೆ ಹೋದಷ್ಟು ಜನ, ಅಷ್ಟೇ. ಹೈದರಾಬಾದಿನ ಅಬಿಡ್ಸ್ ಫುಟ್‌ಪಾತಿನಲ್ಲಿ ಒಂದು ಭಾನುವಾರ ಕೊಂಡ ಹಳೆಯ ಪ್ರತಿಗಳು, ಮೂರು ಸಂಪುಟ. ಮೊದಲನೆಯದರ ರಟ್ಟು ಈಗ ಸೆಲ್ಲೋಟೇಪಿನ ದಯೆಯಿಂದ ನಿಂತಿದೆ. ಅದನ್ನು ಮೊದಲು ಒಯ್ದ ಹುಡುಗ ವಾಪಸ್ ಕೊಡುವಾಗ ಕೇಳಿದ್ದು ಇದನ್ನೇ. ಹೋದ ವಾರ ಕೊಟ್ಟವರು ಕೇಳಿದ್ದೂ ಇದನ್ನೇ. ಅದಕ್ಕೇ ಈ ಸಲ ಬರೆದೇ ಇಡುತ್ತಿದ್ದೇನೆ.

ಮೊದಲು ಜೀವನ ಚರಿತ್ರೆ. ಭಯಂಕರವಾದದ್ದನ್ನು ಹುಡುಕುವವರಿಗೆ ಇಲ್ಲಿ ನಿರಾಸೆ ಕಾದಿದೆ. ಅಬರ್‌ಕ್ರಾಂಬಿ ಹುಟ್ಟಿದ್ದು 1974ರ ಡಿಸೆಂಬರ್ 31ರಂದು, ಇಂಗ್ಲೆಂಡಿನ ಲ್ಯಾಂಕಾಸ್ಟರ್‌ನಲ್ಲಿ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದಿದರು. ಲಂಡನ್ನಿಗೆ ಹೋಗಿ ಟಿವಿ ಕಂಪನಿಯೊಂದರಲ್ಲಿ ಚಹಾ ಮಾಡಿಕೊಡುವ ಕೆಲಸಕ್ಕೆ ಸೇರಿದರು. ಹೌದು, ಚಹಾ. ಅಲ್ಲಿಂದ ಎಡಿಟರ್ ಆದರು. ಸಾಕ್ಷ್ಯಚಿತ್ರ, ಸಂಗೀತ ಕಾರ್ಯಕ್ರಮಗಳನ್ನು ಕತ್ತರಿಸಿ ಜೋಡಿಸುವುದು ಹೊಟ್ಟೆಪಾಡು. ಸ್ವತಂತ್ರವಾಗಿ ಮಾಡುವ ಕೆಲಸ ಅಂದರೆ ಗೊತ್ತಲ್ಲ, ಒಂದು ಮುಗಿದು ಇನ್ನೊಂದು ಬರುವವರೆಗೆ ಕೈ ಖಾಲಿ. ಆ ಖಾಲಿ ದಿನಗಳಲ್ಲಿ ಬರೆಯಲು ಕೂತರು. 2004ಕ್ಕೆ ಮೊದಲ ಕಾದಂಬರಿ ಮುಗಿಯಿತು. ಸಾಹಿತ್ಯದ ಏಜೆಂಟರು ಒಬ್ಬರಾದ ಮೇಲೆ ಒಬ್ಬರು ಬೇಡ ಅಂದರು. 2005ರಲ್ಲಿ ಗೊಲಾಂಜ್ ಪ್ರಕಾಶನ ಕೊಂಡಿತು. 2006ರಲ್ಲಿ ‘ದಿ ಬ್ಲೇಡ್ ಇಟ್‌ಸೆಲ್ಫ್’ ಬಂತು, 2007 ಮತ್ತು 2008ರಲ್ಲಿ ಉಳಿದೆರಡು ಸಂಪುಟ. ಬಾತ್ ಎಂಬ ಊರಿನಲ್ಲಿ ಹೆಂಡತಿ, ಮೂವರು ಮಕ್ಕಳ ಜೊತೆ ಸಂಸಾರ.

ಇದರಲ್ಲಿ ಯುದ್ಧ ಎಲ್ಲಿದೆ? ಸೆರೆಮನೆ ಎಲ್ಲಿದೆ? ಏಜೆಂಟರು ‘ಬೇಡ’ ಅಂದದ್ದನ್ನೇ ಚಿತ್ರಹಿಂಸೆ ಅಂತ ಲೆಕ್ಕ ಹಾಕಿದರೆ ಬೇರೆ ಮಾತು. ಹಾಗೆ ಲೆಕ್ಕ ಹಾಕುವ ಕವಿಗಳು ನಮ್ಮಲ್ಲೂ ಇದ್ದಾರೆ.

ಇಷ್ಟು ಹೇಳಿದರೂ ಜನ ಬಿಡುವುದಿಲ್ಲ. ‘ಒಳಗೆ ಏನೋ ಇದ್ದೇ ಇರುತ್ತದೆ ಮೇಡಂ, ಹೊರಗೆ ಹೇಳಿರಲ್ಲ’ ಅನ್ನುತ್ತಾರೆ. ಈ ಮಾತಿಗೆ ಮದ್ದಿಲ್ಲ. ಇದ್ದರೆ ಪುಸ್ತಕದೊಳಗೇ ಇರಬೇಕು.

ಆ ಮೂರು ಸಂಪುಟಗಳಲ್ಲಿ ಬರುವ ಗ್ಲೋಕ್ಟಾನನ್ನು ತಗೊಳ್ಳಿ. ಒಂದು ಕಾಲಕ್ಕೆ ಕತ್ತಿವರಸೆಯಲ್ಲಿ ಗೆದ್ದು ಮೆರೆದ ಚೆಂದದ ಹುಡುಗ. ಯುದ್ಧದಲ್ಲಿ ಶತ್ರುಗಳ ಕೈಗೆ ಸಿಕ್ಕಿ ಎರಡು ವರ್ಷ ಅವರ ಸೆರೆಯಲ್ಲಿ ನರಳಿದ. ಕಾಲು ಹೋಯಿತು. ಹಲ್ಲು ಮುರಿದದ್ದು ಹೇಗೆ ಗೊತ್ತಾ? ಮೇಲೆ ಹಲ್ಲಿರುವ ಕಡೆ ಕೆಳಗಿಲ್ಲ, ಕೆಳಗಿರುವ ಕಡೆ ಮೇಲಿಲ್ಲ. ರೊಟ್ಟಿಯ ಮಾತು ಬಿಡಿ, ಅವನಿಗೆ ಗಂಜಿಯೇ ಗತಿ. ಇಂಥವನು ಊರಿಗೆ ಮರಳಿ ಹಿಡಿದ ಕೆಲಸ ಯಾವುದು? ಬೇರೆಯವರಿಗೆ ಹಿಂಸೆ ಕೊಟ್ಟು ತಪ್ಪೊಪ್ಪಿಗೆಗೆ ಸಹಿ ಹಾಕಿಸಿಕೊಳ್ಳುವುದು. ನೀವು ನಿದ್ದೆಗೆಟ್ಟದ್ದು ಇವನಿಂದಲೇ ಅಂತ ನನಗೆ ಗೊತ್ತು.

ಆದರೆ ಸ್ವಲ್ಪ ನೆನಪು ಮಾಡಿಕೊಳ್ಳಿ. ಇವನು ಮೊದಲು ಕಾಣಿಸಿಕೊಂಡಾಗ ಯಾರ ಮೇಲೆ ಸಿಟ್ಟಾಗಿರುತ್ತಾನೆ? ಮೆಟ್ಟಿಲುಗಳ ಮೇಲೆ. ಮೆಟ್ಟಿಲು ಕಂಡುಹಿಡಿದವನು ಕೈಗೆ ಸಿಕ್ಕರೆ ಬಿಡೋದಿಲ್ಲ ಅಂತ ಮನಸ್ಸಲ್ಲೇ ಹಲ್ಲು ಕಡಿಯುತ್ತಾನೆ, ಹಲ್ಲಿಲ್ಲದಿದ್ದರೂ. ನನ್ನ ಮೊಣಕಾಲು ಎರಡು ವರ್ಷದಿಂದ ಹೇಳಿದ ಮಾತು ಕೇಳುತ್ತಿಲ್ಲ. ಮೊನ್ನೆ ಒಂದು ಕಾಗದದ ಸಲುವಾಗಿ ಒಂದು ಕಚೇರಿಯ ಮೂರನೇ ಮಹಡಿ ಹತ್ತಬೇಕಾಯಿತು. ಹತ್ತಿದ ಮೇಲೆ ‘ಸಾಹೇಬರು ಕೆಳಗೇ ಇದ್ದಾರಲ್ಲ’ ಅಂದರು. ಆಗ ನನಗೆ ದೇವರು ನೆನಪಾಗಲಿಲ್ಲ, ಗ್ಲೋಕ್ಟಾ ನೆನಪಾದ.

ಇದನ್ನು ಬರೆಯಲು ಸೆರೆಮನೆ ನೋಡಿರಬೇಕಾಗಿಲ್ಲ. ಕಾಲು ನೋಯುವವರು ಮೆಟ್ಟಿಲು ಹತ್ತುವುದನ್ನು ಸುಮ್ನೆ ನಿಂತು ನೋಡಿದ್ದರೆ ಸಾಕು. ಎಡಿಟರ್ ಆಗಿದ್ದವರಿಗೆ ಕೆಲಸವೇ ಅದು. ಬೆಳಗಿನಿಂದ ಸಂಜೆವರೆಗೆ ಬೇರೆಯವರ ಮುಖ ನೋಡುವುದು, ಎಲ್ಲಿ ಕತ್ತರಿಸಿದರೆ ನೋವು ಜಾಸ್ತಿ ಕಾಣುತ್ತದೆ ಅಂತ ಲೆಕ್ಕ ಹಾಕುವುದು. ಇದು ನನ್ನ ಊಹೆ. ಆದರೆ ನಿಮ್ಮ ‘ಒಳಗೆ ಏನೋ’ ಊಹೆಗಿಂತ ಗಟ್ಟಿ.

ಅಷ್ಟೂ ಸಾಲದಿದ್ದರೆ ಇನ್ನೊಂದು. ಇದೇ ಮನುಷ್ಯ 2014ರಲ್ಲಿ ‘ಹಾಫ್ ಎ ಕಿಂಗ್’ ಅಂತ ಹರೆಯದ ಮಕ್ಕಳಿಗಾಗಿ ಒಂದು ಕಾದಂಬರಿ ಬರೆದರು. ಒಂದು ಕೈ ಊನವಾದ ರಾಜಕುಮಾರನ ಕತೆ. ಮರುವರ್ಷ ಆ ವಿಭಾಗದ ಲೋಕಸ್ ಪ್ರಶಸ್ತಿ, ವಿಜ್ಞಾನ ಕತೆ ಮತ್ತು ಫ್ಯಾಂಟಸಿಗೆ ಕೊಡುವಂಥದ್ದು, ಅದಕ್ಕೇ ಬಂತು. ಕ್ರೂರಿಯ ಕೈಗೆ ಯಾರಾದರೂ ಮಕ್ಕಳ ಪ್ರಶಸ್ತಿ ಕೊಡುತ್ತಾರಾ?

ಇನ್ನು ಇಂಥ ಕ್ರೂರ ಕತೆಗಳಿಗೆ ಅಂಟಿಸುವ ‘ಗ್ರಿಮ್‌ಡಾರ್ಕ್’ ಅನ್ನುವ ಹೆಸರು. ಅದೇನೂ ಮಠದಲ್ಲಿ ಕೊಟ್ಟ ದೀಕ್ಷೆಯಲ್ಲ. 1987ರಲ್ಲಿ ಇಂಗ್ಲೆಂಡಿನಲ್ಲಿ ‘ವಾರ್‌ಹ್ಯಾಮರ್ 40,000’ ಅಂತ ಒಂದು ಆಟ ಬಂತು, ಮೇಜಿನ ಮೇಲೆ ಪುಟ್ಟ ಸೈನಿಕರ ಗೊಂಬೆ ಇಟ್ಟು ಆಡುವುದು. ದೂರದ ಭವಿಷ್ಯದ ಘೋರ ಕತ್ತಲಲ್ಲಿ ಯುದ್ಧ ಬಿಟ್ಟು ಬೇರೇನಿಲ್ಲ ಅನ್ನುವುದು ಅದರ ಘೋಷವಾಕ್ಯ. ಆ ‘ಘೋರ ಕತ್ತಲು’ ಮೊಟಕಾಗಿ ಗ್ರಿಮ್‌ಡಾರ್ಕ್ ಆಯಿತು. ಮೊದಮೊದಲು ಗೇಲಿಗೇ ಬಳಸುತ್ತಿದ್ದರು. ಅಬರ್‌ಕ್ರಾಂಬಿ ಏನು ಮಾಡಿದರು? ಟ್ವಿಟರ್‌ನಲ್ಲಿ ತಮ್ಮ ಹೆಸರನ್ನೇ ‘ಲಾರ್ಡ್ ಗ್ರಿಮ್‌ಡಾರ್ಕ್’ ಅಂತ ಇಟ್ಟುಕೊಂಡರು. ಇದು ನೊಂದ ಜೀವದ ಲಕ್ಷಣವೋ ತರಲೆಯ ಲಕ್ಷಣವೋ ನೀವೇ ಹೇಳಿ.

ನನಗೆ ನಿಜವಾಗಿ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಈ ಪ್ರಶ್ನೆಯನ್ನು ರನ್ನನಿಗೆ ಯಾರೂ ಕೇಳುವುದಿಲ್ಲ. ‘ಗದಾಯುದ್ಧ’ವನ್ನು ಶಾಲೆಯಲ್ಲಿ ಓದಿದವರೇ ನೀವೆಲ್ಲ. ದುರ್ಯೋಧನ ಸಂಜಯನ ಜೊತೆ ರಣರಂಗದಲ್ಲಿ ಹೆಣಗಳ ನಡುವೆ ದಾರಿ ಮಾಡಿಕೊಂಡು ಹೋಗುತ್ತಾನಲ್ಲ? ಒಂದೊಂದು ಹೆಜ್ಜೆಗೆ ಒಂದೊಂದು ಗುರುತಿನ ಮುಖ. ದ್ರೋಣ, ಮಗ, ತಮ್ಮ, ಕರ್ಣ. ತಮ್ಮನ ಹೆಣದ ಮುಂದೆ ಅವನಾಡುವ ಮಾತು ನೆನಪಿದೆಯಾ? ತಾಯಿಯ ಹಾಲು ಕುಡಿದದ್ದು ಮೊದಲು ನಾನು, ಆಮೇಲೆ ನೀನು. ಸಾವಿನಲ್ಲಿ ಮಾತ್ರ ಸರದಿ ತಪ್ಪಿಸಿಬಿಟ್ಟೆ. ಸಾವಿರ ವರ್ಷದ ಹಿಂದಿನ ಪದ್ಯ ಇದು. ಬರೆದವನು ಮುಧೋಳದ ಬಳೆಗಾರರ ಮನೆಯ ಮಗ. ಬಳೆ ಮಾರುವವರ ಮನೆಯಲ್ಲಿ ಹುಟ್ಟಿದವನಿಗೆ ಹೆಣದ ಬಣವೆ ಹೇಗೆ ಗೊತ್ತಾಯಿತು, ಅವನೂ ಕ್ರೂರಿಯೇ ಅಂತ ಒಬ್ಬ ವಿದ್ಯಾರ್ಥಿಯೂ ಕೇಳಿಲ್ಲ, ಮೂವತ್ತು ವರ್ಷದಲ್ಲಿ. ರನ್ನನಿಗಾದರೆ ಪ್ರತಿಭೆ, ಇಂಗ್ಲಿಷಿನವರಿಗಾದರೆ ಕಾಯಿಲೆ. ಇದ್ಯಾವ ನ್ಯಾಯ?

ಹಾಗೆ ನೋಡಿದರೆ ನೀವು ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇತ್ತು. ಇಂಥ ಕತೆಗೆ ಇಲ್ಲದ ದೇಶ ಕಟ್ಟಬೇಕಾ, ಬೀದರ್ ಸಾಲದಾ?

ದಿನಾ ಚೌಬಾರಾ ದಾಟಿ ಹೋಗುವಾಗ ಗವಾನ್ ಮದರಸಾ ನೋಡುತ್ತೀರಿ. 1472ರದ್ದು. ಕಟ್ಟಿಸಿದ ಮಹಮೂದ್ ಗವಾನ್ ಪರ್ಷಿಯಾದ ಗಿಲಾನ್‌ನಿಂದ ಬಂದವರು, ಬಹಮನಿ ರಾಜ್ಯದ ಪ್ರಧಾನಿ. ಸುಲ್ತಾನ ಹುಮಾಯೂನ್ ಷಾನ ಕೈಕೆಳಗೆ ಕೆಲಸ ಮಾಡಿದರು. ಅವನು ಆಳಿದ್ದು ಮೂರೇ ವರ್ಷ, 1458ರಿಂದ 1461. ಅಷ್ಟರಲ್ಲೇ ‘ಜಾಲಿಮ್’, ಅಂದರೆ ಕ್ರೂರಿ, ಅನ್ನುವ ಬಿರುದು ಗಳಿಸಿದ. ಗವಾನ್ ಅವನ ಕೈಯಿಂದ ಬದುಕಿ ಉಳಿದರು. ಹೋದದ್ದು ಅವನ ಮಗನ ಕೈಯಲ್ಲಿ, ಎಳೆಯ ವಯಸ್ಸಿಗೇ ಪಟ್ಟಕ್ಕೆ ಬಂದು ತಮ್ಮ ಕಣ್ಣೆದುರೇ ಬೆಳೆದ ಮೂರನೇ ಮುಹಮ್ಮದ್ ಷಾನ ಕೈಯಲ್ಲಿ. ವೈರಿಗಳು ಗವಾನರ ಮುದ್ರೆ ಕಾಯುವವನಿಗೆ ಚೆನ್ನಾಗಿ ಕುಡಿಸಿದರು. ಖಾಲಿ ಹಾಳೆಯ ಮೇಲೆ ಮುದ್ರೆ ಒತ್ತಿಸಿಕೊಂಡರು. ಒಡಿಶಾದ ರಾಜನನ್ನು ದಂಡೆತ್ತಿ ಬಾ ಅಂತ ಕರೆಯುವ ಪತ್ರ ಅದರಲ್ಲಿ ಬರೆದರು. ಸುಲ್ತಾನ ವಿಚಾರಣೆ ಮಾಡಲಿಲ್ಲ. 1481ರಲ್ಲಿ ಮುದುಕರ ತಲೆ ಹೋಯಿತು. ಆಮೇಲೆ ಅವರ ಖಜಾನೆ ತೆರೆದು ನೋಡಿದರೆ ಅಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಸುಲ್ತಾನನೂ ಮರುವರ್ಷ ಸತ್ತ.

ಸುಳ್ಳು ಕಾಗದ, ನಿಜವಾದ ಮುದ್ರೆ. ಗ್ಲೋಕ್ಟಾ ದಿನವಿಡೀ ಮಾಡುವ ಕೆಲಸವೂ ಇದೇ ಅಲ್ವಾ?

ಅಷ್ಟೂರಿಗೆ ಹೋದರೆ ಹುಮಾಯೂನನ ಗೋರಿ ಕಾಣುತ್ತದೆ. ಗುಮ್ಮಟ ಅರ್ಧಕ್ಕೆ ಸೀಳಿ ನಿಂತಿದೆ. ಪಾಪಿ ಅಂತ ದೇವರೇ ಸೀಳಿದ ಅನ್ನುತ್ತಾರೆ ಜನ. ಬಿದ್ದದ್ದು ಸಿಡಿಲು, ಅದೂ ಅವನು ಸತ್ತು ಎಷ್ಟೋ ಕಾಲದ ಮೇಲೆ. ಬದುಕಿದ್ದಾಗ ಬೀಳಲಿಲ್ಲ. ಗವಾನರ ಗೋರಿ ಗೋರನಳ್ಳಿಯ ಹತ್ತಿರ ಇದೆ, ಅದಕ್ಕೆ ಗುಮ್ಮಟವೇ ಇಲ್ಲ. ನಮ್ಮ ಹುಡುಗರಲ್ಲಿ ಯಾರಾದರೂ ಇದನ್ನು ಕಾದಂಬರಿ ಮಾಡುತ್ತಾರೆ ಅಂತ ಕಾಯುತ್ತಿದ್ದೇನೆ. ಬರೆದವರನ್ನು ನೀವು ಎಂಥವರು ಅಂತ ನಾನಂತೂ ಕೇಳುವುದಿಲ್ಲ.

ಅಂದ ಹಾಗೆ, ಮೂರನೇ ಸಂಪುಟ ಒಯ್ದವರು ಇನ್ನೂ ತಂದುಕೊಟ್ಟಿಲ್ಲ. ದೀಪಾವಳಿ ಕಳೆದು ಎಷ್ಟು ದಿನವಾಯಿತು?