‘ಸೇರಿಸಿದ ಕೆಫೀನ್’: ಆ ‘ಇಸು’ ಎಲ್ಲಿ ಹೋಯಿತು?

‘ಕಾಫಿ, ಟೀ, ಎನರ್ಜಿ ಡ್ರಿಂಕ್ ಮುಂತಾದ ಕೆಫೀನ್ ಸೇರಿಸಿದ ಪಾನೀಯಗಳು’ ಎಂಬ ಸಾಲು ಕೆಫೀನ್ ನಿಯಂತ್ರಣದ ಸುದ್ದಿಯೊಂದರಲ್ಲಿ ಮತ್ತೆ ಕಣ್ಣಿಗೆ ಬಿತ್ತು. ಕಾಫಿಗೆ ಯಾರೂ ಕೆಫೀನ್ ಸೇರಿಸುವುದಿಲ್ಲ. ಅದು ಬೀಜದಲ್ಲೇ ಇರುತ್ತದೆ, ಟೀ ಎಲೆಯಲ್ಲೂ ಹಾಗೆಯೇ. ಪಟ್ಟಿಯಲ್ಲಿರುವ ಮೂರನೆಯದಕ್ಕೆ ಮಾತ್ರ ‘ಸೇರಿಸಿದ’ ಎಂಬ ಮಾತು ಒಪ್ಪುತ್ತದೆ.

ಈ ವ್ಯತ್ಯಾಸ ಹೇಳಲು ಕನ್ನಡದಲ್ಲಿ ಹೊಸ ಪದವೇ ಬೇಡ. ‘ಸೇರು’ವಿಗೆ ಪ್ರೇರಣಾರ್ಥಕ ‘ಇಸು’ ಹತ್ತಿದರೆ ‘ಸೇರಿಸು’. ಸೇರುವುದು ತಾನಾಗಿ ಆಗಬಹುದು, ಸೇರಿಸುವುದಕ್ಕೆ ಒಬ್ಬರ ಕೈ ಬೇಕು. ಕಾನೂನು ಹುಡುಕುವುದು ಆ ಕೈಯನ್ನೇ. ಗೊಂದಲ ಹೆಚ್ಚಿಸಿದ್ದು ‘ಕೆಫೀನ್‌ಯುಕ್ತ’ ಎಂಬ ಪದ. ‘ಯುಕ್ತ’ ಎಂದರೆ ಕೂಡಿರುವುದು, ಅಷ್ಟೇ. ಯಾರು ಕೂಡಿಸಿದರು ಎಂಬುದು ಅದರಲ್ಲಿಲ್ಲ. ಬೀಜದೊಳಗೆ ಇದ್ದದ್ದೂ ಕೆಫೀನ್‌ಯುಕ್ತ, ಪುಡಿ ಅಳೆದು ಸುರಿದದ್ದೂ ಕೆಫೀನ್‌ಯುಕ್ತ. ನಿಯಂತ್ರಣದ ಸುದ್ದಿ ಬರೆಯುವಾಗ ಈ ಪದವನ್ನು ಬಿಡುವುದೇ ಮೇಲು.

‘ಸೇರಿಸಿದ’ ಎಂಬ ಈ ಒಂದು ಪದದ ಅರ್ಥಕ್ಕಾಗಿ ಅಮೆರಿಕದಲ್ಲಿ ಸುಪ್ರೀಂ ಕೋರ್ಟಿನವರೆಗೂ ವ್ಯಾಜ್ಯ ನಡೆದಿದೆ. 1909ರಲ್ಲಿ ಸರ್ಕಾರ ಕೋಕಾ-ಕೋಲಾ ಸಿರಪ್ಪಿನ 40 ದೊಡ್ಡ ಪೀಪಾಯಿ, 20 ಸಣ್ಣ ಪೀಪಾಯಿಗಳನ್ನು ವಶಪಡಿಸಿಕೊಂಡಿತು. 1906ರ ಶುದ್ಧ ಆಹಾರ ಕಾಯ್ದೆಯ ಪ್ರಕಾರ, ಆರೋಗ್ಯ ಕೆಡಿಸಬಹುದಾದ ವಸ್ತುವನ್ನು ಆಹಾರಕ್ಕೆ ‘ಸೇರಿಸಿದರೆ’ ಅದು ಕಲಬೆರಕೆ. ಕೆಫೀನ್ ನಮ್ಮ ಸೂತ್ರದ ಅಂಗವೇ ಆಗಿದೆ, ಆದ್ದರಿಂದ ಅದು ಸೇರಿಸಿದ್ದಲ್ಲ ಎಂದು ಕಂಪನಿ ವಾದಿಸಿತು. ಕೆಳಗಿನ ನ್ಯಾಯಾಲಯಗಳು ಒಪ್ಪಿಕೊಂಡವು. 1916ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹ್ಯೂಸ್ ಒಪ್ಪಲಿಲ್ಲ: ಹಾಗಾದರೆ ಆರ್ಸೆನಿಕ್ ಬೆರೆಸಿ, ಅದನ್ನೂ ಸೂತ್ರದಲ್ಲಿ ಬರೆದುಕೊಂಡು, ಚೆಂದದ ಹೆಸರಿಟ್ಟು ಮಾರಬಹುದಲ್ಲ? ಕೆಫೀನ್ ಹಾನಿಕರವೇ ಎಂಬ ಪ್ರಶ್ನೆ ಮಾತ್ರ ಇತ್ಯರ್ಥವಾಗಲಿಲ್ಲ. ಕಂಪನಿ ಅದರ ಪ್ರಮಾಣ ಇಳಿಸಿ ರಾಜಿ ಮಾಡಿಕೊಂಡಿತು.

ಈಗ ಅಮೆರಿಕದ ನಿಯಮದಲ್ಲಿ ಕೋಲಾ ಬಗೆಯ ಪಾನೀಯಕ್ಕೆ ಸುರಕ್ಷಿತವೆಂದು ನಮೂದಾಗಿರುವ ಕೆಫೀನ್ ಮಿತಿ ಶೇ. 0.02. ಐರೋಪ್ಯ ಒಕ್ಕೂಟದಲ್ಲಿ ಲೀಟರಿಗೆ 150 ಮಿಲಿಗ್ರಾಂ ದಾಟಿದ ಪಾನೀಯದ ಮೇಲೆ, ಮಕ್ಕಳಿಗೆ ಮತ್ತು ಗರ್ಭಿಣಿಯರಿಗೆ ಸಲ್ಲದು ಎಂಬ ಎಚ್ಚರಿಕೆ ಇರಬೇಕು. ಹೆಸರಿನಲ್ಲೇ ಕಾಫಿ, ಟೀ ಎಂದಿರುವ ಕಾಫಿ-ಟೀ ಪಾನೀಯಗಳಿಗೆ ವಿನಾಯಿತಿ.

‘ಕಾಫಿಯಲ್ಲಿ ಇನ್ನೂ ಹೆಚ್ಚಿದೆಯಲ್ಲ, ಅದನ್ನೇಕೆ ಬಿಟ್ಟರು?’ ಎಂದು ಕೇಳುವವರು ಈ ವಿನಾಯಿತಿಯ ಕಾರಣವನ್ನು ಗಮನಿಸಬೇಕು. ಕಾಫಿ ಕುಡಿಯುವವರಿಗೆ ಅದರಲ್ಲಿ ಏನಿದೆಯೆಂಬುದು ಗೊತ್ತು. 2013ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಚ್ಯೂಯಿಂಗ್ ಗಮ್ಮಿನ ಒಂದೊಂದು ತುಣುಕಿನಲ್ಲೂ 40 ಮಿಲಿಗ್ರಾಂ ಕೆಫೀನ್ ಇತ್ತು. ಗಮ್ ಅಗಿಯುವ ಮಗುವಾಗಲಿ, ಅದರ ತಾಯಿಯಾಗಲಿ ಅಲ್ಲಿ ಕೆಫೀನನ್ನು ನಿರೀಕ್ಷಿಸುವುದಿಲ್ಲ. ಆಹಾರ ಮತ್ತು ಔಷಧ ಆಡಳಿತ ತನಿಖೆಗೆ ಇಳಿದಾಗ ತಯಾರಕರು ಅದರ ಉತ್ಪಾದನೆ ನಿಲ್ಲಿಸಿದರು.

ಇನ್ನು ‘ನೈಸರ್ಗಿಕ ಕೆಫೀನ್’. ಬೀಜದಲ್ಲೇ ಕೆಫೀನ್ ಇರುವ ಗ್ವಾರಾನಾ ಎಂಬ ದಕ್ಷಿಣ ಅಮೆರಿಕದ ಬಳ್ಳಿಯ ಬೀಜದ ಸಾರವನ್ನು ಬಿಸ್ಕತ್ತಿಗೆ ಹಾಕಿ ಹೀಗೆ ಬರೆದರೆ ಸುಳ್ಳೇನಲ್ಲ. ಆದರೆ ಅದು ನೈಸರ್ಗಿಕವಾಗಿ ಇದ್ದದ್ದು ಗ್ವಾರಾನಾದಲ್ಲಿ. ಬಿಸ್ಕತ್ತಿನ ಮಟ್ಟಿಗೆ ಅದು ಸೇರಿಸಿದ್ದೇ.